ಸೇರಿಸಬಹುದು, ಅಳಿಸಲಾಗದು

ನಮ್ಮ ಗೆಳೆಯರ ಬಳಗವೊಂದು ಪದಪಟ್ಟಿಯನ್ನು ಇಟ್ಟುಕೊಂಡಿದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳ ಕನ್ನಡ ಮನೆಗಳಲ್ಲಿ ಇನ್ನೂ ಬಳಕೆಯಲ್ಲಿದ್ದು, ಅಚ್ಚಿನಲ್ಲಿ ಅಪರೂಪವಾದ ಮಾತುಗಳನ್ನು ಕೇಳಿದವರು ಕೇಳಿದಂತೆಯೇ ಬರೆದಿಡುವ ಪಟ್ಟಿ ಅದು. ಅಲಂಕಾರವೇನೂ ಇಲ್ಲದ ಒಂದು ಸಾದಾ ಪಠ್ಯ ಕಡತ. ಸಾಲಿಗೊಂದು ಪದ, ಅದರ ಅರ್ಥ, ಹೇಳಿದವರ ಮೂಲ ಊರು, ಬರೆದುಕೊಂಡವರ ಹೆಸರಿನ ಮೊದಲಕ್ಷರ, ಇಷ್ಟೆ. ಅದು ನಮ್ಮ ಯಾರ ಮನೆಯಲ್ಲಿಯೂ ಇಲ್ಲ. ಬಾಡಿಗೆಗೆ ಪಡೆದ ದೂರದ ಗಣಕವೊಂದರಲ್ಲಿದೆ. ಹೊಸ ಪದ ಸಿಕ್ಕವರು ತಮ್ಮ ಗಣಕದಿಂದ ಎಸ್‌ಎಸ್‌ಎಚ್ ಎಂಬ ಸಂಪರ್ಕವನ್ನು ತೆರೆದು, ಒಂದು ಸಾಲಿನ ಆಜ್ಞೆಯನ್ನು ಕೊಟ್ಟು, ಆ ಕಡತದ ಕೊನೆಗೆ ತಮ್ಮ ಸಾಲನ್ನು ಸೇರಿಸುತ್ತಿದ್ದರು.

ಒಂದು ಸಂಜೆ ಗೆಳೆಯರೊಬ್ಬರು ಮೂರು ಪದಗಳನ್ನು ಸೇರಿಸಿದರು. ಮರುದಿನ ನೋಡಿದರೆ ಕಡತದಲ್ಲಿ ಇದ್ದುದು ಆ ಮೂರೇ ಪದಗಳು. ಆಜ್ಞೆಯ ನಡುವೆ ಎರಡು ಸಲ ಒತ್ತಬೇಕಾಗಿದ್ದ ಒಂದು ಚಿಹ್ನೆಯನ್ನು ಅವರು ಒಂದೇ ಸಲ ಒತ್ತಿದ್ದರು. ಪಟ್ಟಿಯ ಪ್ರತಿಯೊಂದು ಪುಣೆಯಲ್ಲಿತ್ತು, ಆದರೆ ಐದು ವಾರ ಹಳೆಯದು. ಆ ಐದು ವಾರಗಳಲ್ಲಿಯೇ ಮಾಟುಂಗದ ಹಿರಿಯರೊಬ್ಬರು ಒಂದು ಮಧ್ಯಾಹ್ನವಿಡೀ ಕುಳಿತು ಅಡುಗೆಮನೆಯ, ಕೊಟ್ಟಿಗೆಯ, ಬಾಣಂತನದ ಮಾತುಗಳನ್ನು ಹೇಳಿ ಬರೆಸಿದ್ದರು. ಮತ್ತೆ ಅವರಲ್ಲಿಗೆ ಹೋಗಿ ನಾಚಿಕೆಯಿಂದ ಕೇಳಿದೆವು. "ಅವತ್ತು ಮಾತಿಗೆ ಮಾತು ಬಂತು ಮಗಾ, ಈಗ ಎಲ್ಲಿಂದ ಹುಡುಕಿ ತರಲಿ?" ಎಂದರು. ಅರ್ಧದಷ್ಟು ಮರಳಿ ಸಿಕ್ಕಿತು. ಉಳಿದರ್ಧ ಏನಿತ್ತೆಂಬುದೂ ನಮಗೆ ನೆನಪಿಲ್ಲ.

ಆಮೇಲಿನ ಸಭೆಯಲ್ಲಿ ಎರಡು ಅಭಿಪ್ರಾಯಗಳು ಬಂದವು. ಕೀಲಿಯನ್ನು ಕಾರ್ಯದರ್ಶಿಯೊಬ್ಬರ ಕೈಯಲ್ಲಿಟ್ಟು ಉಳಿದವರು ಪದಗಳನ್ನು ಅವರಿಗೆ ಕಳಿಸಿದರಾಯಿತು ಎಂಬುದು ಒಂದು. ಒಂದು ತಪ್ಪಿಗೆ ಇಷ್ಟು ಗಾಬರಿಯೇಕೆ, ಇನ್ನು ಮುಂದೆ ಎಲ್ಲರೂ ಎಚ್ಚರದಿಂದಿರೋಣ ಎಂಬುದು ಇನ್ನೊಂದು. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಬಹುಜನರು ಕೂಡಿ ಕಟ್ಟುವ ದಾಖಲೆಯಲ್ಲಿ ಸೇರಿಸುವ ಹಕ್ಕು ಎಲ್ಲರಿಗೂ ಇರಬೇಕು. ಅಳಿಸುವ ಹಕ್ಕು ದಿನಬಳಕೆಯ ಕೀಲಿಗಳಲ್ಲಿ ಯಾವುದಕ್ಕೂ ಇರಬಾರದು. ಈ ಮಾತನ್ನು ಅಂದು ಸಭೆಯಲ್ಲಿ ಗಡಿಬಿಡಿಯಲ್ಲಿ ಹೇಳಿದ್ದೆ. ಇಲ್ಲಿ ಸಾವಧಾನವಾಗಿ ಹೇಳುವ ಪ್ರಯತ್ನ ಮಾಡುತ್ತೇನೆ.

ಮೊದಲು ಆ ಚಿಹ್ನೆಯ ವಿಚಾರ. ಗಣಿತದಲ್ಲಿ 'ಇದಕ್ಕಿಂತ ಅದು ಕಿರಿದು' ಎನ್ನುವಾಗ ನಡುವೆ ಹಾಕುವ, ಬಲಕ್ಕೆ ಮೊನೆಯಿರುವ ಬಾಣದಂಥ ಗುರುತು ಅದು. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಕಟ್ಟತೊಡಗಿದ ಯುನಿಕ್ಸ್ ವ್ಯವಸ್ಥೆಯ ಆಜ್ಞಾಭಾಷೆಯಲ್ಲಿ ಅದಕ್ಕೆ ಬೇರೆ ಅರ್ಥ ಬಂದಿತು. ಒಂದು ಬಾಣ ಹಾಕಿದರೆ 'ಬಂದುದನ್ನು ಈ ಕಡತಕ್ಕೆ ಬರೆ' ಎಂದು. ಎರಡು ಬಾಣ ಹಾಕಿದರೆ 'ಈ ಕಡತದ ಕೊನೆಗೆ ಸೇರಿಸು' ಎಂದು. ಒಂದು ಬಾಣವನ್ನು ಕಂಡೊಡನೆ ವ್ಯವಸ್ಥೆಯು ಮೊದಲು ಕಡತವನ್ನು ಬರಿದು ಮಾಡುತ್ತದೆ, ಆಮೇಲಷ್ಟೇ ಕೆಲಸವನ್ನು ಆರಂಭಿಸುತ್ತದೆ. ಆ ಕೆಲಸ ವಿಫಲವಾದರೂ ಬರಿದಾದದ್ದು ತುಂಬುವುದಿಲ್ಲ. 'ನಿಜವಾಗಿಯೂ ಅಳಿಸಲೇ?' ಎಂದು ಕೇಳುವ ಪದ್ಧತಿಯೂ ಅಲ್ಲಿಲ್ಲ. ಇರುವ ಕಡತದ ಮೇಲೆ ಒಂಟಿ ಬಾಣ ಬಿದ್ದರೆ ನಿರಾಕರಿಸುವ ಏರ್ಪಾಡು ಇದೆಯಾದರೂ ಬಳಸುವವರೇ ಅದನ್ನು ನೆನಪಿನಿಂದ ಹಚ್ಚಿಕೊಳ್ಳಬೇಕು.

ನಮ್ಮ ವ್ಯಾಕರಣ ಓದಿದವರಿಗೆ ಇದು ಪರಿಚಿತ ಸಂಗತಿಯೇ. ಕನ್ನಡದ ಸಂಧಿಗಳು ಮೂರು: ಲೋಪ, ಆಗಮ, ಆದೇಶ. ಇರುವುದು ಹೋಗುವುದು ಲೋಪ. ಇಲ್ಲದ್ದು ಬರುವುದು ಆಗಮ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದು ಆದೇಶ. ಕಡತಕ್ಕೆ ನಾವು ಮಾಡಬಹುದಾದ ಕೆಲಸಗಳೂ ಈ ಮೂರೇ. ಆಗಮ ಬಯಸಿ ಹೊರಟವರಿಗೆ ಒಂದು ಬೆರಳಿನ ಅಳತೆಯಲ್ಲಿ ಸರ್ವಲೋಪ ಒದಗುವಂತಿದ್ದರೆ ಅದನ್ನು ಬಳಸುವವರ ಅಜಾಗರೂಕತೆ ಎಂದು ಬಿಟ್ಟುಬಿಡುವುದು ನ್ಯಾಯವಲ್ಲ.

ದೂರದ ಗಣಕವೆಂದಾಗ ತೊಡಕು ಇನ್ನಷ್ಟು ಹೆಚ್ಚುತ್ತದೆ. ಬಾಣದ ಗುರುತನ್ನು ಓದಿ ಅರ್ಥಮಾಡುವವರು ಯಾರು, ಈಚೆಯ ಗಣಕವೋ ಆಚೆಯ ಗಣಕವೋ? ಆಚೆ ನಡೆಯಬೇಕಾದ ಆಜ್ಞೆಯನ್ನು ಉದ್ಧರಣ ಚಿಹ್ನೆಗಳೊಳಗೆ ಇಡದಿದ್ದರೆ ಈಚೆಯ ಗಣಕವೇ ಬಾಣವನ್ನು ತನಗೆ ಹೇಳಿದ್ದೆಂದು ತೆಗೆದುಕೊಳ್ಳುತ್ತದೆ. ಆಗ ನಮ್ಮ ಪದಗಳು ದೂರದ ಗಣಕದವರೆಗೆ ಹೋಗಿ, ಅಲ್ಲಿ ನಿಲ್ಲದೆ ಹಿಂದಿರುಗಿ, ನಮ್ಮದೇ ಮನೆಯ ಗಣಕದಲ್ಲಿ ಅದೇ ಹೆಸರಿನ ಇನ್ನೊಂದು ಕಡತವಾಗಿ ಕುಳಿತಿರುತ್ತವೆ. ತಪ್ಪಿನ ಸೂಚನೆ ಬರುವುದಿಲ್ಲ. ಸೇರಿಸಿದೆವೆಂಬ ತೃಪ್ತಿ ಮಾತ್ರ ಉಳಿಯುತ್ತದೆ. ಇನ್ನೊಂದು ಸಣ್ಣ ತೊಡಕೂ ಇದೆ. ಹಿಂದಿನವರು ತಮ್ಮ ಸಾಲಿನ ಕೊನೆಯಲ್ಲಿ ಸಾಲು ಮುಗಿದುದರ ಸಂಕೇತವನ್ನು ಹಾಕದೆ ಬಿಟ್ಟಿದ್ದರೆ ನಮ್ಮ ಸಾಲು ಅವರ ಸಾಲಿಗೇ ಅಂಟಿಕೊಳ್ಳುತ್ತದೆ. ಅವರ ಅರ್ಥದ ಕೊನೆಯ ಅಕ್ಷರಕ್ಕೆ ನಮ್ಮ ಪದದ ಮೊದಲ ಅಕ್ಷರ ಹತ್ತಿ ಯಾವ ಸೂತ್ರಕ್ಕೂ ಒಳಪಡದ ಸಂಧಿಯೊಂದು ಹುಟ್ಟುತ್ತದೆ.

ಹಾಗಾದರೆ ದೂರದ ಗಣಕದೊಳಗೆ ಹೋಗಿ, ಕಡತವನ್ನು ತೆರೆದು, ಕಣ್ಣಾರೆ ಕಂಡು ಬರೆಯಬಾರದೇ ಎಂದು ಕೇಳಬಹುದು. ಇಂಗ್ಲಿಷಿನವರಿಗೆ ಅದು ಸುಲಭ. ಕನ್ನಡಿಗರಿಗೆ ಹಾಗಲ್ಲ. ಆಜ್ಞೆಗಳನ್ನು ಬರೆಯುವ ಕಿಟಕಿಯು ಪ್ರತಿಯೊಂದು ಅಕ್ಷರಕ್ಕೂ ಸಮಾನ ಅಗಲದ ಒಂದೋ ಎರಡೋ ಚೌಕಗಳನ್ನು ಎಣಿಸಿಕೊಂಡು ಕೆಲಸ ಮಾಡುತ್ತದೆ. 'ಸ್ತ್ರೀ' ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಅದು ಸಾಮಾನ್ಯವಾಗಿ ಆರು ಸಂಕೇತಗಳ ಸರಣಿ, ಯುಟಿಎಫ್-8 ಕ್ರಮದಲ್ಲಿ 18 ಬೈಟುಗಳು. ಕಿಟಕಿಯ ಎಣಿಕೆಗೂ ಕಣ್ಣಿಗೆ ಕಾಣುವ ರೂಪಕ್ಕೂ ಹೊಂದಾಣಿಕೆ ತಪ್ಪಿ, ಒತ್ತಕ್ಷರಗಳು ಬಿಡಿಬಿಡಿಯಾಗಿ, ಸೂಚಕವು ಒಂದೆಡೆ ಮಿನುಗುತ್ತಿದ್ದರೆ ಬರಹ ಇನ್ನೊಂದೆಡೆ ಬೀಳುತ್ತದೆ. ಅಲ್ಲಿ ಒಂದು ಕಾಗುಣಿತವನ್ನು ತಿದ್ದಹೋಗಿ ಪಕ್ಕದ ಎರಡನ್ನು ಕೆಡಿಸಿದ ಅನುಭವ ನಮ್ಮಲ್ಲಿ ಹಲವರಿಗಿದೆ. ಆದುದರಿಂದ ಸಾಲನ್ನು ನಮ್ಮ ಗಣಕದಲ್ಲಿಯೇ ಚೆನ್ನಾಗಿ ಬರೆದು, ಓದಿ, ಸಿದ್ಧಪಡಿಸಿ, ಸಂಪರ್ಕದ ಕೊಳವೆಯ ಮೂಲಕ ಕಡತದ ಕೊನೆಗೆ ಕಳಿಸುವುದೇ ನಮ್ಮ ಲಿಪಿಗೆ ಹೊಂದುವ ದಾರಿ. ಕೊಳವೆಗೆ ಭಾಷೆ ಗೊತ್ತಿಲ್ಲ. ಕೊಟ್ಟ ಬೈಟುಗಳನ್ನು ಕೊಟ್ಟ ಕ್ರಮದಲ್ಲಿ ಮುಟ್ಟಿಸುತ್ತದೆ. ನಮಗೆ ಬೇಕಾದ ಉಪಕಾರ ಅಷ್ಟೇ.

ದಾರಿ ಅದೇ ಆದರೆ ಅದಕ್ಕೆ ಬೇಲಿ ಎಲ್ಲಿ ಹಾಕಬೇಕು? ಬೇಲಿ ಹಾಕುವವರು ಅನೇಕ ವೇಳೆ ತಪ್ಪಾದ ಜಾಗದಲ್ಲಿ ಹಾಕುತ್ತಾರೆ. ಆಜ್ಞೆ ಕೊಡುವುದನ್ನೇ ನಿಷೇಧಿಸಿ ಕಡತಗಳ ಸಾಗಣೆಗೆ ಮಾತ್ರ ಅನುಮತಿ ಕೊಡುವುದು ಒಂದು ರೂಢಿ. ನೋಡಲು ಭದ್ರವಾಗಿಯೇ ಇದೆ. ಆದರೆ ಬಳಸುವವರು ಮಾಡುವುದೇನು? ಇಡೀ ಕಡತವನ್ನು ತಮ್ಮ ಗಣಕಕ್ಕೆ ತಂದುಕೊಂಡು, ಒಂದು ಸಾಲು ಬರೆದು, ಇಡೀ ಕಡತವನ್ನು ಮರಳಿ ಏರಿಸುತ್ತಾರೆ. ಚೆನ್ನೈಯವರೂ ಪುಣೆಯವರೂ ಒಂದೇ ಸಂಜೆ ಹೀಗೆ ಮಾಡಿದರೆ ಕಡೆಗೆ ಏರಿಸಿದವರ ಪ್ರತಿ ಉಳಿಯುತ್ತದೆ, ಮೊದಲು ಏರಿಸಿದವರ ಸಾಲು ಇಲ್ಲವಾಗುತ್ತದೆ. ಸೇರಿಸಹೋದವರು ತಮಗರಿವಿಲ್ಲದೆ ಅಳಿಸಿದವರಾಗುತ್ತಾರೆ. ಕೊನೆಗೆ ಸೇರಿಸುವ ಕ್ರಿಯೆಯು ಈ ಸಾಗಣೆ ಪದ್ಧತಿಗಳಲ್ಲಿ ಇಲ್ಲದ್ದೇನಲ್ಲ. 1985ರಲ್ಲಿ ಪ್ರಕಟವಾದ ಎಫ್‌ಟಿಪಿ ನಿಯಮಾವಳಿಯಲ್ಲಿಯೇ ಅದಕ್ಕೊಂದು ಪ್ರತ್ಯೇಕ ಆಜ್ಞೆಯಿದೆ. ಆದರೂ ನಿತ್ಯ ಬಳಕೆಯ ತಂತ್ರಾಂಶಗಳಲ್ಲಿ ಇಡೀ ಕಡತವನ್ನು ಬದಲಿಸುವುದೇ ವಾಡಿಕೆ.

ಇನ್ನೊಂದು ರೂಢಿ, ಕೈಕಟ್ಟಿದ ಆಜ್ಞಾಕೋಶ. ಅದರಲ್ಲಿ ಒಂಟಿ ಬಾಣದ ಜೊತೆಗೆ ಜೋಡಿ ಬಾಣಕ್ಕೂ ನಿಷೇಧ. ಲೋಪದ ಭಯಕ್ಕೆ ಆಗಮವನ್ನೂ ತಡೆದಂತಾಯಿತು. ಬಳಸುವವರು ಸುಮ್ಮನಿರುತ್ತಾರೆಯೇ? ಬಾಣವಿಲ್ಲದೆ ಬರೆಯಬಲ್ಲ ಬೇರೆ ಉಪಕರಣಗಳನ್ನು ಹುಡುಕುತ್ತಾರೆ. ಒಳಗೊಂದು ಪಠ್ಯ ಸಂಪಾದಕ ಸಿಕ್ಕರೆ ಅದರ ಹಿಂಬಾಗಿಲಿನಿಂದ ಪೂರ್ಣ ಆಜ್ಞಾಕೋಶಕ್ಕೇ ಹೊರಬೀಳುವ ಉಪಾಯ ಬಹಳ ಹಳೆಯದು. ಮಾಡಬಾರದ್ದನ್ನೆಲ್ಲ ಪಟ್ಟಿಮಾಡುವ ನಿರ್ಬಂಧಕ್ಕೆ ಇದೇ ಗತಿ. ಮಾಡಬಹುದಾದ ಒಂದನ್ನು ಹೇಳಿ ಉಳಿದುದಕ್ಕೆ ಬಾಗಿಲೇ ಇಡದಿರುವ ನಿರ್ಬಂಧವೇ ಸರಿಯಾದದ್ದು.

ಎಸ್‌ಎಸ್‌ಎಚ್‌ನಲ್ಲಿ ಅಂಥ ವ್ಯವಸ್ಥೆ ಇದೆ. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿದ್ದ ಟಾಟು ಯ್ಲೋನೆನ್ ಅವರು, ಅಲ್ಲಿಯ ಜಾಲದಲ್ಲಿ ಗುಪ್ತಪದಗಳ ಕಳವು ನಡೆದ ಮೇಲೆ, ಕದ್ದು ಕೇಳಲಾಗದ ಸಂಪರ್ಕಕ್ಕಾಗಿ ಇದನ್ನು ರಚಿಸಿದರು. ಇದರಲ್ಲಿ ಗುಪ್ತಪದದ ಬದಲು ಒಂದು ಜೋಡಿ ಕೀಲಿಗಳನ್ನು ಬಳಸಬಹುದು. ಗುಟ್ಟಿನ ಕೀಲಿ ನಮ್ಮಲ್ಲಿಯೇ ಉಳಿಯುತ್ತದೆ, ಬಹಿರಂಗದ ಕೀಲಿಯನ್ನು ದೂರದ ಗಣಕದ ಒಂದು ಪಟ್ಟಿಯಲ್ಲಿ ಬರೆದಿಡುತ್ತೇವೆ, ಒಬ್ಬರಿಗೆ ಒಂದು ಸಾಲು. ಆ ಸಾಲಿನ ಆರಂಭದಲ್ಲಿ ಒಂದು ಆಜ್ಞೆಯನ್ನು ಕಟ್ಟಿಹಾಕಬಹುದು. ಈ ಕೀಲಿಯಿಂದ ಒಳಬಂದವರು ಏನನ್ನೇ ಕೇಳಲಿ, ನಡೆಯುವುದು ಆ ಒಂದು ಆಜ್ಞೆ ಮಾತ್ರ. ಉಳಿದ ಸೌಲಭ್ಯಗಳನ್ನೆಲ್ಲ ಒಮ್ಮೆಗೇ ಮುಚ್ಚುವ ಒಂದು ಪದವನ್ನು 2016ರಿಂದ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಸೇರಿಸಿದ್ದಾರೆ. ನಮ್ಮ ಪಟ್ಟಿಗೆ ನಾವು ಕಟ್ಟಿದ ಆಜ್ಞೆ ಇಷ್ಟೇ: ಕೊಳವೆಯಲ್ಲಿ ಬಂದ ಸಾಲನ್ನು ಓದು, ಅಳತೆ ಮೀರಿದ್ದರೆ ಬಿಡು, ಮುಂದೆ ದಿನಾಂಕವನ್ನೂ ಕೀಲಿಯ ಒಡೆಯರ ಗುರುತನ್ನೂ ಹಾಕು, ಕೊನೆಯಲ್ಲಿ ಸಾಲು ಮುಗಿಸು, ಕಡತದ ತುದಿಗೆ ಸೇರಿಸು. ಬಾಣದ ಗುರುತನ್ನು ಈಗ ಯಾರೂ ಒತ್ತುವುದಿಲ್ಲ. ಅದು ಆಚೆಯ ಗಣಕದಲ್ಲಿ ಒಮ್ಮೆ ಬರೆದದ್ದು, ಎರಡಾಗಿಯೇ ಇದೆ.

ಇದರ ಮೇಲೆ ಎರಡನೆಯ ಬೀಗವೂ ಉಂಟು. ಲಿನಕ್ಸ್ ಗಣಕಗಳಲ್ಲಿ ಕಡತಕ್ಕೆ 'ಸೇರ್ಪಡೆ ಮಾತ್ರ' ಎಂಬ ಲಕ್ಷಣವನ್ನು ಅಂಟಿಸಬಹುದು. ಅಂಟಿಸಿದ ಮೇಲೆ ಕಡತದ ಒಡೆಯರೂ ಅದನ್ನು ಬರಿದು ಮಾಡಲಾರರು, ತೆಗೆದುಹಾಕಲಾರರು, ಹೆಸರು ಬದಲಿಸಲಾರರು; ಗಣಕದ ಪರಮಾಧಿಕಾರಿಯೊಬ್ಬರೇ ಆ ಲಕ್ಷಣವನ್ನು ತೆಗೆಯಬಲ್ಲರು. ಇಬ್ಬರು ಒಂದೇ ಕ್ಷಣದಲ್ಲಿ ಬರೆದರೂ, ಸಾಲುಗಳು ಚಿಕ್ಕವಾಗಿದ್ದು ಒಂದೊಂದೂ ಒಂದೇ ಬರವಣಿಗೆಯಾಗಿ ಹೋದರೆ, ಒಬ್ಬರ ಮೇಲೆ ಇನ್ನೊಬ್ಬರದು ಬೀಳದೆ ಒಂದರ ಹಿಂದೊಂದು ನಿಲ್ಲುತ್ತವೆ. ಗಣಕದ ಸ್ವಂತ ತಟ್ಟೆಯ ಮೇಲೆ ಈ ಭರವಸೆ ಇದೆ. ಜಾಲದ ಮೂಲಕ ಹಂಚಿಕೊಂಡ ಎನ್‌ಎಫ್‌ಎಸ್ ಸಂಗ್ರಹಗಳಲ್ಲಿ ಇಲ್ಲ.

ವ್ಯವಸ್ಥೆಯನ್ನು ವಿವರಿಸಿದಾಗ ಬಳಗದ ಹಿರಿಯರೊಬ್ಬರಿಗೆ ನೋವಾಯಿತು. "ಮೂವತ್ತು ವರ್ಷ ಸಂಘಕ್ಕೆ ದುಡಿದವನು ನಾನು, ನನ್ನ ಕೈಯನ್ನೂ ಕಟ್ಟುವಿರಾ?" ಎಂದರು. ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಅವರಿಗೆ ಅವರ ಉದ್ಯೋಗವನ್ನೇ ನೆನಪಿಸಿದೆ. ನಮ್ಮ ಬಳಗದಲ್ಲಿ ಬ್ಯಾಂಕುಗಳಲ್ಲಿ ದುಡಿದು ನಿವೃತ್ತರಾದವರು ಬಹಳ ಮಂದಿ. ಲೆಡ್ಜರಿನಲ್ಲಿ ತಪ್ಪು ನಮೂದು ಬಿದ್ದರೆ ಅದನ್ನು ಕೆರೆದು ತೆಗೆಯುವ ಪದ್ಧತಿ ಉಂಟೇ? ತಪ್ಪನ್ನು ಹಾಗೆಯೇ ಬಿಟ್ಟು, ಅದನ್ನು ರದ್ದುಗೊಳಿಸುವ ಪ್ರತಿನಮೂದನ್ನು ಬರೆದು, ಸರಿಯಾದದ್ದನ್ನು ಮೂರನೆಯದಾಗಿ ಬರೆಯುತ್ತಿದ್ದರು. ಹಾಗೆ ಮಾಡಿದುದು ಗುಮಾಸ್ತರು ಕಳ್ಳರೆಂಬ ಕಾರಣಕ್ಕಲ್ಲ. ಮುಂದೊಂದು ದಿನ ಕಳ್ಳರೆಂಬ ಮಾತು ಬಂದಾಗ ಅವರ ಪರವಾಗಿ ಪುಸ್ತಕವೇ ಸಾಕ್ಷಿ ನುಡಿಯಬೇಕೆಂದು. ನಮ್ಮ ದೇಶದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ಬದಲಾವಣೆಯ ಜಾಡೂ ಉಳಿಯಬೇಕು, ಆ ಜಾಡನ್ನು ನಿಲ್ಲಿಸಲು ಬರಬಾರದು ಎಂಬ ನಿಯಮವು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಾಗದದ ಲೆಡ್ಜರಿಗಿದ್ದ ಶೀಲವನ್ನು ಗಣಕಕ್ಕೂ ಕಲಿಸುವ ಪ್ರಯತ್ನ ಅದು.

ನಿರ್ಬಂಧವನ್ನು ಅಪನಂಬಿಕೆಯೆಂದು ಕಾಣುವವರು ಅದರ ಇನ್ನೊಂದು ಮುಖವನ್ನು ನೋಡಬೇಕು. ಹೈದರಾಬಾದಿನ ಕಾಲೇಜು ವಿದ್ಯಾರ್ಥಿನಿಯೊಬ್ಬಳು ತನಗೂ ಪದ ಸೇರಿಸಲು ಅವಕಾಶ ಬೇಕೆಂದು ಬರೆದಳು. ನಾವು ಯಾರೂ ಅವಳ ಮುಖ ಕಂಡವರಲ್ಲ. ಹಳೆಯ ವ್ಯವಸ್ಥೆಯಲ್ಲಾಗಿದ್ದರೆ ಅವಳು ಯಾರ ಪೈಕಿ, ಯಾರ ಪರಿಚಯ, ಎಷ್ಟು ಬಲ್ಲವಳು ಎಂದು ವಿಚಾರಿಸಬೇಕಾಗುತ್ತಿತ್ತು. ಬಹುಶಃ ಮರೆತೂ ಬಿಡುತ್ತಿದ್ದೆವು. ಈಗ ಅದೇ ದಿನ ಅವಳ ಕೀಲಿಯನ್ನು ಪಟ್ಟಿಗೆ ಹಾಕಿದೆವು. ಅವಳಿಂದ ಹಳೆಯ ಸಾಲುಗಳಿಗೆ ಹಾನಿಯಾಗಲು ಸಾಧ್ಯವೇ ಇಲ್ಲದಿರುವಾಗ ಅವಳ ಕುಲಗೋತ್ರ ನಮಗೇಕೆ? ಅಪರಿಚಿತರನ್ನು ನಂಬುವ ಧೈರ್ಯವನ್ನು ಕೊಟ್ಟದ್ದು ಆ ಬೇಲಿಯೇ.

ನಮ್ಮ ಸಾಹಿತ್ಯದಲ್ಲಿಯೂ ಈ ವಿವೇಕಕ್ಕೆ ನಿದರ್ಶನವಿದೆ. ಕುಮಾರವ್ಯಾಸನು ಭಾರತದ ಮೊದಲ ಹತ್ತು ಪರ್ವಗಳನ್ನು ಹಾಡಿ ನಿಲ್ಲಿಸಿದ. ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿಯು ಉಳಿದ ಪರ್ವಗಳನ್ನು ಬರೆದು ಕಥೆಯನ್ನು ಮುಗಿಸಿದ. ಅವನ ಭಾಗ ಎಲ್ಲಿಂದ ಆರಂಭವಾಗುತ್ತದೆಂಬುದು ಎಲ್ಲರಿಗೂ ಗೊತ್ತು. ಇಬ್ಬರನ್ನೂ ಬೇರೆಬೇರೆಯಾಗಿ ಓದಿ ತೂಗಬಹುದು. ಇದಕ್ಕೆ ವ್ಯತಿರಿಕ್ತವಾಗಿ, ಓಲೆಗರಿಗಳನ್ನು ಪ್ರತಿಮಾಡುತ್ತ ನಡುನಡುವೆ ತಮ್ಮ ಪದ್ಯಗಳನ್ನು ಹೊಸೆದವರೂ ಇದ್ದರು. ಅವುಗಳನ್ನು ಬೇರ್ಪಡಿಸಲು ಸಂಪಾದಕರು ಪ್ರತಿಗಳನ್ನು ಮುಂದಿಟ್ಟುಕೊಂಡು ಆಯುಸ್ಸನ್ನೇ ಸವೆಸಿದ್ದಾರೆ. ಸೇರಿಸಿದವರ ಹೆಸರೂ ಸೇರಿಸಿದ ಎಡೆಯೂ ತಿಳಿದಿದ್ದರೆ ಅದು ಪರಂಪರೆ, ತಿಳಿಯದಿದ್ದರೆ ಪ್ರಕ್ಷೇಪ.

ಆಕ್ಷೇಪಗಳನ್ನು ಮರೆಮಾಡಬಾರದು. ತಪ್ಪುಗಳೂ ಶಾಶ್ವತವಾಗುವುದಿಲ್ಲವೇ ಎಂಬುದು ಮೊದಲನೆಯದು. ಹೌದು, ತಪ್ಪಿನ ಸಾಲು ಉಳಿಯುತ್ತದೆ. ಅದರ ತಿದ್ದುಪಡಿಯೂ ಇನ್ನೊಂದು ಸಾಲಾಗಿ ಉಳಿಯುತ್ತದೆ. ಓದಲು ಕೊಡುವ ಪಟ್ಟಿಯನ್ನು ಈ ಮೂಲ ಕಡತದಿಂದ ತಿದ್ದುಪಡಿಗಳನ್ನು ಗಮನಿಸಿ ಪ್ರತ್ಯೇಕವಾಗಿ ಸಿದ್ಧಪಡಿಸುತ್ತೇವೆ. ಇದರಿಂದ ಲಾಭವೂ ಆಗಿದೆ. 'ಬಜ್ಜಿ' ಎಂಬ ಪದಕ್ಕೆ ಸುಟ್ಟ ಬದನೆಯನ್ನು ಕಿವುಚಿ ಮಾಡಿದ ವ್ಯಂಜನ ಎಂದು ಕರಾವಳಿಯ ಮೂಲದವರೊಬ್ಬರು ಬರೆದಿದ್ದರು. ಅದು ತಪ್ಪು, ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದದ್ದು ಎಂದು ಬೆಂಗಳೂರಿನ ಕಡೆಯವರು ಸೇರಿಸಿದರು. ಎರಡೂ ಸರಿಯೇ. ತಿದ್ದುವ ಅಧಿಕಾರವಿದ್ದಿದ್ದರೆ ಒಂದು ಊರಿನ ಊಟವು ಇನ್ನೊಂದು ಊರಿನ ಆತ್ಮವಿಶ್ವಾಸಕ್ಕೆ ಬಲಿಯಾಗುತ್ತಿತ್ತು.

ಎರಡನೆಯ ಆಕ್ಷೇಪ ಗಂಭೀರವಾದದ್ದು. ಹೇಳಿದವರೇ ಮುಂದೊಂದು ದಿನ ತಮ್ಮ ವಿವರವನ್ನು ತೆಗೆಯಿರಿ ಎಂದರೆ? ತಮ್ಮ ವೈಯಕ್ತಿಕ ಮಾಹಿತಿಯನ್ನು ತಿದ್ದಿಸುವ, ಅಳಿಸುವಂತೆ ಕೇಳುವ ಹಕ್ಕನ್ನು ನಮ್ಮ ದೇಶದ 2023ರ ಕಾಯಿದೆಯೂ ಗುರುತಿಸಿದೆ. ಇಲ್ಲಿ ನನ್ನ ವಾದ ತಲೆಬಾಗಲೇಬೇಕು. ಮನುಷ್ಯರ ಸಂಕೋಚಕ್ಕಿಂತ ಕಡತದ ಅಖಂಡತೆ ದೊಡ್ಡದಲ್ಲ. ಆದುದರಿಂದ ಅಳಿಸುವ ಶಕ್ತಿಯನ್ನು ಇಲ್ಲವಾಗಿಸಿಲ್ಲ, ದೂರವಿಟ್ಟಿದ್ದೇವೆ. ಪರಮಾಧಿಕಾರದ ಗುಪ್ತಪದದ ಅರ್ಧ ಒಬ್ಬರಲ್ಲಿದೆ, ಇನ್ನರ್ಧ ಇನ್ನೊಬ್ಬರಲ್ಲಿದೆ. ಇಬ್ಬರೂ ಕೂಡಿ ತೆಗೆಯಬೇಕು. ತೆಗೆದ ಮೇಲೆ ಏನು ತೆಗೆದೆವೆಂದು ಹೇಳದೆ, ಒಂದು ಸಾಲನ್ನು ಕೋರಿಕೆಯಂತೆ ತೆಗೆದಿದೆ ಎಂದು ದಿನಾಂಕ ಸಹಿತ ಕೊನೆಗೆ ಸೇರಿಸಬೇಕು. ಬಾಡಿಗೆ ಕಟ್ಟಲು ಮರೆತರೆ, ತಟ್ಟೆ ಕೆಟ್ಟರೆ, ಈ ಬೀಗಗಳೆಲ್ಲ ವ್ಯರ್ಥ. ಅದಕ್ಕಾಗಿ ಪುಣೆಯಲ್ಲಿಯೂ ಚೆನ್ನೈಯಲ್ಲಿಯೂ ದಿನಕ್ಕೊಮ್ಮೆ ಪ್ರತಿ ಇಳಿಯುತ್ತದೆ.

ಇಷ್ಟು ಸಣ್ಣ ಕಡತಕ್ಕೆ ಇಷ್ಟೊಂದು ಮಾತೇ ಎನ್ನಬಹುದು. ಹೊರನಾಡಿನ ಸಂಘಗಳಲ್ಲಿ ಓಡಾಡಿದವರು ಹಾಗೆನ್ನಲಾರರೆಂದು ನನ್ನ ನಂಬಿಕೆ. ನಮ್ಮ ಕಾರ್ಯದರ್ಶಿಗಳಿಗೆ ವರ್ಗಾವಣೆಯಾಗುತ್ತದೆ, ಮನೆ ಬದಲಾಗುತ್ತದೆ, ಮಕ್ಕಳು ಬೇರೆ ದೇಶಕ್ಕೆ ಕರೆದುಕೊಂಡು ಹೋಗುತ್ತಾರೆ. ಪ್ರತಿಯೊಂದು ಹೊಸ ಸಮಿತಿಯೂ ಹೊಸ ಪುಸ್ತಕದ ಮೊದಲ ಪುಟದಿಂದ ಆರಂಭಿಸುತ್ತದೆ. ಹಳೆಯದು ಯಾರ ಅಟ್ಟದ ಮೇಲಿದೆಯೋ ತಿಳಿಯದು. ದ್ವೇಷದಿಂದ ಅಳಿಸಿದವರು ನಮ್ಮಲ್ಲಿ ವಿರಳ. ಹೊಸದನ್ನು ಬರೆಯುವ ಉತ್ಸಾಹದಲ್ಲಿ ಹಳೆಯದರ ಮೇಲೆಯೇ ಬರೆದವರು ಬಹಳ. ಎರಡು ಸಲ ಒತ್ತಬೇಕಾದುದನ್ನು ಒಂದು ಸಲ ಒತ್ತುವುದು ಗಣಕಕ್ಕೆ ಮಾತ್ರ ಸಂಬಂಧಿಸಿದ ಚಾಳಿಯಲ್ಲ.

ಕಳೆದ ತಿಂಗಳು ಮಾಟುಂಗದ ಆ ಹಿರಿಯರ ಮೊಮ್ಮಗಳಿಗೂ ಒಂದು ಕೀಲಿ ಕೊಟ್ಟೆವು. ಅವಳು ಒಂದು ಪದವನ್ನೂ ಅದರ ಅರ್ಥವನ್ನೂ ಸೇರಿಸಿದಳು. ಎರಡು ದಿನಗಳ ಮೇಲೆ ಅವಳದೇ ಇನ್ನೊಂದು ಸಾಲು ಬಂದಿತು: ಮೇಲಿನ ಅರ್ಥ ಹಾಗಲ್ಲ ಎಂದು ಅಜ್ಜಿ ಹೇಳುತ್ತಾರೆ, ನಾನು ಕೇಳಿಸಿಕೊಂಡದ್ದು ತಪ್ಪು. ಕಡತದಲ್ಲಿ ಈಗ ಆ ಎರಡು ಸಾಲುಗಳೂ ಒಂದರ ಕೆಳಗೊಂದು ಇವೆ.